ನಗು ಕಳ್ಳನ ಪಾಲು, ರಾಜಕುಮಾರಿ ದೊರೆಯ ಪಾಲು

ಅರೇಬಿಯನ್ ನೈಟ್ಸ್ ಕಥೆಗಳಿಂದ ಹುಟ್ಟಿದ ಸಿನಿಮಾಗಳಲ್ಲಿ 1940ರ ‘ದಿ ಥೀಫ್ ಆಫ್ ಬಾಗ್ದಾದ್’ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದನ್ನು ಮೆಚ್ಚುವವರು ಹೆಚ್ಚಾಗಿ ಅದರ ಬಣ್ಣ, ಹಾರುವ ಕುದುರೆ, ಕ್ಯಾಮೆರಾ ಚಮತ್ಕಾರಗಳ ಮಾತಾಡುತ್ತಾರೆ. ಛಾಯಾಗ್ರಹಣ, ಕಲಾ ನಿರ್ದೇಶನ, ಸ್ಪೆಷಲ್ ಎಫೆಕ್ಟ್ಸ್, ಮೂರಕ್ಕೂ ಆಸ್ಕರ್ ಬಂದಿರುವುದರಿಂದ ಆ ಮೆಚ್ಚುಗೆ ಸುಳ್ಳೇನಲ್ಲ. ಆದರೆ ಎಂಬತ್ತು ವರ್ಷ ದಾಟಿದ ಮೇಲೂ ಚಿತ್ರದಲ್ಲಿ ಜೀವ ಉಳಿದಿರುವುದು ಅದರ ನಗುವಿನಿಂದ. ಆ ನಗುವಿನ ದೊಡ್ಡ ಪಾಲು, ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬುವಿನದು.

ಅದೇ 1924ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಇದೇ ಹೆಸರಿನ ಮೂಕಿ ಚಿತ್ರವನ್ನು ತೆರೆಗೆ ತಂದಿದ್ದ. ಅಲ್ಲಿ ಕಳ್ಳನೇ ಪ್ರೇಮಿ. ಗೋಡೆ ಹಾರಿ ಕದಿಯುವವನೇ ಕೊನೆಗೆ ರಾಜಕುಮಾರಿಯ ಕೈ ಹಿಡಿಯುತ್ತಾನೆ. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನ 1940ರ ಚಿತ್ರ ಆ ಒಬ್ಬನನ್ನು ಇಬ್ಬರಾಗಿಸಿತು. ಪ್ರೀತಿಸುವುದಕ್ಕೆ ಗದ್ದುಗೆ ಕಳೆದುಕೊಂಡ ದೊರೆ ಅಹ್ಮದ್. ಕದಿಯುವುದಕ್ಕೆ, ನಗಿಸುವುದಕ್ಕೆ, ಆ ದೊರೆಯನ್ನು ಕಾಪಾಡುವುದಕ್ಕೆ ಅಬು. ಜಾನ್ ಜಸ್ಟಿನ್‌ನ ಅಹ್ಮದ್ ಉದ್ಯಾನದಲ್ಲಿ ನಿಂತು ನಿಟ್ಟುಸಿರು ಬಿಡುವಾಗಲೆಲ್ಲ ಕಥೆ ತೂಕಡಿಸುತ್ತದೆ. ಸಾಬುವಿನ ಅಬು ಬಂದ ತಕ್ಷಣ ಎದ್ದು ಓಡುತ್ತದೆ.

ಸಮುದ್ರದ ದಂಡೆಯಲ್ಲಿ ಅಬುವಿಗೆ ಸೀಸೆ ಸಿಗುವ ಭಾಗವನ್ನೇ ನೋಡಿ. ಮೂಲದಲ್ಲಿ ಇದು ಬೆಸ್ತ ಮತ್ತು ಜೀನಿಯ ಕಥೆ. ಅಲ್ಲಿಯ ಮುದುಕನ ಜಾಗದಲ್ಲಿ ಇಲ್ಲಿ ಹಸಿದ ಹುಡುಗನಿದ್ದಾನೆ. ಸೀಸೆಯಿಂದ ಎದ್ದ ಮುಗಿಲೆತ್ತರದ ಜೀನಿ ಅವನನ್ನು ಕಾಲಡಿ ಹೊಸಕಲು ಹೊರಡುತ್ತಾನೆ. ಇಷ್ಟು ದೊಡ್ಡವನು ಇಷ್ಟು ಚಿಕ್ಕ ಸೀಸೆಯೊಳಗೆ ಇದ್ದದ್ದನ್ನು ನಂಬಲಾರೆ ಎಂದು ಅಬು ಅವನನ್ನು ಮತ್ತೆ ಒಳಗೆ ಹೊಗಿಸಿ ಬಿರಟೆ ಜಡಿಯುತ್ತಾನೆ. ಮೂರು ವರಗಳ ಮಾತಾದ ಮೇಲೆ ಅವನು ಮೊದಲು ಕೇಳುವುದೇನು? ಅಮ್ಮ ಮಾಡಿಕೊಡುತ್ತಿದ್ದಂಥ ಸಾಸೇಜು! ಬಾಣಲೆಯ ಸಮೇತ ಅದು ಬಂದೂ ಬಿಡುತ್ತದೆ. ಜಗತ್ತನ್ನೇ ಕೇಳಬಹುದಾದ ಗಳಿಗೆಯಲ್ಲಿ ಹೊಟ್ಟೆ ಮೊದಲು ಮಾತಾಡುವ ಈ ದೃಶ್ಯಕ್ಕೆ ನಗದೆ ಇರಲಾಗದು. ಮರುಗದೆ ಇರುವುದೂ ಕಷ್ಟ. ಜೀನಿಯಾಗಿರುವ ಕಪ್ಪು ಜನಾಂಗದ ನಟ ರೆಕ್ಸ್ ಇಂಗ್ರಾಂ, ಕೋಪದ ಭರದಲ್ಲಿ ಅಬುವಿನ ಬಾಯಿಂದ ಕೊನೆಯ ವರ ಜಾರಿದಾಗ ಗಹಗಹಿಸಿ ನಕ್ಕು ಹಾರಿಹೋಗುತ್ತಾನೆ. ಅದು ಬಿಡುಗಡೆಯಾದ ಗುಲಾಮನ ನಗು. ಹುಡುಗ ನಿರ್ಜನ ಕಣಿವೆಯಲ್ಲಿ ಒಂಟಿಯಾದರೂ ನಮಗೆ ಜೀನಿಯ ಮೇಲೆ ಸಿಟ್ಟು ಬರುವುದಿಲ್ಲ.

ಬಸ್ರಾದ ಸುಲ್ತಾನನ ಹಾಸ್ಯ ಬೇರೆ ಬಗೆಯದು. ಸಂಭಾಷಣೆ ಬರೆದ ಮೈಲ್ಸ್ ಮ್ಯಾಲೆಸನ್ನನೇ ಆ ಪಾತ್ರವನ್ನೂ ಮಾಡಿದ್ದಾನೆ. ಕೀಲುಗೊಂಬೆಗಳ ಹುಚ್ಚಿನ ಈ ಮುದುಕ ಒಂದು ಹಾರುವ ಕುದುರೆಯ ಆಸೆಗೆ ಮಗಳನ್ನೇ ಮಾಟಗಾರ ಜಾಫರನಿಗೆ ಕೊಡಲು ಒಪ್ಪುತ್ತಾನೆ. ಕಡೆಗೆ ಅವನ ಎದೆಗೆ ಚೂರಿ ಹಾಕುವುದೂ ಹಲವು ಕೈಗಳ ಒಂದು ಗೊಂಬೆಯೇ. ನಗಿಸುತ್ತಲೇ ಹೆದರಿಸುವ ಈ ಕಲೆ ಮೂಲ ಕಥೆಗಳ ಗುಣ. 1945ರ ‘ಎ ಥೌಸಂಡ್ ಅಂಡ್ ಒನ್ ನೈಟ್ಸ್’ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಫಿಲ್ ಸಿಲ್ವರ್ಸ್ ಕನ್ನಡಕ ಹಾಕಿಕೊಂಡು ಅಂದಿನ ಅಮೆರಿಕದ ಬೀದಿಮಾತು ಆಡುತ್ತಾನೆ. ಕಥೆಯ ಹೊರಗೆ ನಿಂತು ಮಾಡಿದ ಆ ಹಾಸ್ಯಕ್ಕೆ ಬೇಗ ವಯಸ್ಸಾಯಿತು.

ಇಷ್ಟೆಲ್ಲ ಮೆಚ್ಚಿದ ಮೇಲೂ ಕೊರ್ಡಾನ ಚಿತ್ರದ ಮೇಲೆ ನನ್ನದೊಂದು ತಕರಾರಿದೆ. ಜಾಫರನ ಹಣೆಗೆ ಬಾಣ ಬಿಟ್ಟು ಕೊಲ್ಲುವವನು ಅಬು. ಹೆಣ್ಣೂ ರಾಜ್ಯವೂ ಅಹ್ಮದನಿಗೆ. ಆಗ ಸಾಬು ಹದಿನೈದರ ಹುಡುಗ, ಪ್ರೇಮಿಯ ಪಾತ್ರಕ್ಕೆ ಎಳೆಯವನು ಎನ್ನಬಹುದು. ಹಾಗಾದರೆ 1942ರ ‘ಅರೇಬಿಯನ್ ನೈಟ್ಸ್’ನಲ್ಲಿ, 1944ರ ‘ಕೋಬ್ರಾ ವುಮನ್’ನಲ್ಲಿ? ಅವನು ಬೆಳೆದಿದ್ದ. ಎರಡರಲ್ಲೂ ನಾಯಕ ಜಾನ್ ಹಾಲ್, ಸಾಬು ಅವನ ಜೊತೆಗಾರ. ಪೂರ್ವದ ಕಥೆಯನ್ನು ಎರವಲು ಪಡೆದವರು ಪೂರ್ವದ ಹುಡುಗನಿಗೆ ಚೇಷ್ಟೆಯನ್ನು ಬಿಟ್ಟುಕೊಟ್ಟರು, ಪ್ರೇಮವನ್ನು ಕೊಡಲಿಲ್ಲ. ಸಾಬು 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡ.

1940ರ ಚಿತ್ರದ ಮುಕ್ತಾಯದಲ್ಲಾದರೂ ಈ ಹುಡುಗನಿಗೆ ನ್ಯಾಯ ಸಿಕ್ಕಿದೆ. ಇವನನ್ನು ಶಾಲೆಗೆ ಹಾಕಿ ವಜೀರನನ್ನಾಗಿ ಮಾಡುತ್ತೇನೆಂದು ದೊರೆ ಸಾರಿದ್ದೇ ತಡ, ಅಬು ಜಮಖಾನ ಏರಿ ಹಾರಿಬಿಡುತ್ತಾನೆ. ದೊರೆಯ ಉಪಕಾರ ಬೇಡವೆನ್ನುವ ಈ ಸ್ವಾತಂತ್ರ್ಯವನ್ನು ಆಮೇಲಿನವರು ಕಾಪಾಡಿಕೊಳ್ಳಲಿಲ್ಲ. 1992ರ ಡಿಸ್ನಿಯ ‘ಅಲ್ಲಾದೀನ್’ನಲ್ಲಿ ಜಾಫರನೂ ಇದ್ದಾನೆ, ಆಟಿಕೆಯ ಮೋಹದ ಸುಲ್ತಾನನೂ ಇದ್ದಾನೆ, ಅಬು ಕೂಡ ಇದ್ದಾನೆ, ಆದರೆ ಅಲ್ಲಿ ಅಬು ಒಂದು ಕೋತಿ. ನಿಮ್ಮ ಮನೆಯ ಮಕ್ಕಳಿಗೆ ಆ ಕೋತಿಯ ಪರಿಚಯ ಆಗಲೇ ಇದ್ದೀತು. ಕಾರಾಪುರದ ಹುಡುಗನನ್ನೂ ಒಮ್ಮೆ ತೋರಿಸಿ.