ಬ್ಯಾಚಿನ ಪುಸ್ತಕದಲ್ಲಿ ಇಲ್ಲದವಳು

2022ರಲ್ಲಿ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಒಂದು ಸ್ಮರಣ ಸಂಚಿಕೆ ತಂದರು. ನಾವು ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಐವತ್ತು ವರ್ಷ ತುಂಬಿತೆನ್ನುವುದು ನೆಪ. ಹೊಳಪಿನ ಕಾಗದ, ಹೊದಿಕೆಯ ಮೇಲೆ ನಮ್ಮ ಗ್ರೂಪ್ ಫೋಟೋ, ಒಳಗೆ ಮೂವತ್ತೊಂದು ಲೇಖನ. ಅದರಲ್ಲಿ ಹೆಂಗಸರು ಬರೆದದ್ದು ಐದು, ಆ ಐದರಲ್ಲಿ ಒಂದು ನನ್ನದು. ಇಂಥ ಪುಸ್ತಕಗಳನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಫೋಟೋ ನೋಡಿ, ನಮ್ಮ ಹೆಸರು ಹುಡುಕಿ, ಷೋಕೇಸಿನಲ್ಲಿಟ್ಟು ಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿದ್ದಾಗ ಮೊದಲಿನಿಂದ ಕೊನೆಯವರೆಗೂ ಓದಿದೆ. ಓದಿ ಮುಗಿಸಿದ ಮೇಲೆ ಸುಮ್ಮನಿರಲಾಗಲಿಲ್ಲ.

ನನ್ನದು ಯಲಹಂಕದ ಹತ್ತಿರದ ಪುಟ್ಟೇನಹಳ್ಳಿ. ಆಟೋದವರಿಗೆ ಊರಿನ ಹೆಸರಷ್ಟೇ ಹೇಳಿದರೆ ಜೆ.ಪಿ.ನಗರದ ಕಡೆಯ ಪುಟ್ಟೇನಹಳ್ಳಿಗೆ ತಿರುಗಿಸುತ್ತಾರೆ, ಅದಕ್ಕೇ ಇಷ್ಟು ವಿವರ. ನಮ್ಮ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ನಮ್ಮ ಕಾಲಕ್ಕೆ ಅದು ಬರೀ ಕೆರೆ. ಅದರ ಏರಿಯ ಮೇಲೆ ಯಲಹಂಕದ ಶಾಲೆಗೆ ನಡೆದು ಹೋಗುತ್ತಿದ್ದವರು ನಾವಿಬ್ಬರು, ನಾನು ಮತ್ತು ನನ್ನ ಬೆಂಚಿನ ಗೆಳತಿ. ಏರೋಪ್ಲೇನು ನಮಗೆ ಹೊಸದಲ್ಲ. 1963ರಲ್ಲೇ ಯಲಹಂಕಕ್ಕೆ ವಾಯುನೆಲೆ ಬಂದಿತ್ತು. 1971ರ ಡಿಸೆಂಬರಿನಲ್ಲಿ ಮಾತ್ರ ಅದೇ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಗಿ 16ರಂದು ಢಾಕಾದಲ್ಲಿ ಶರಣಾಗತಿಯಾಯಿತು. ಲೆಕ್ಕ ಹಾಕಿದರೆ ಎರಡೇ ವಾರ. ಸಂಚಿಕೆಯ ಗಂಡಸರು ಈ ಎರಡು ವಾರವನ್ನು ಎರಡು ವರ್ಷಕ್ಕೆ ಎಳೆದಿದ್ದಾರೆ. ಒಬ್ಬರು ಶತ್ರುವಿಮಾನ ನಮ್ಮ ಶಾಲೆಯ ಮೇಲೇ ಹಾರಿಹೋಯಿತು ಎಂದು ಬರೆದಿದ್ದಾರೆ. ಪಾಕಿಸ್ತಾನದ ವಿಮಾನಗಳು ಆಗ್ರಾದವರೆಗೆ ಬಂದದ್ದು ನಿಜ, ಬೆಂಗಳೂರಿಗೆ ಬರಲಿಲ್ಲ. ಅವರು ನೋಡಿದ್ದು ನಮ್ಮದೇ ವಿಮಾನವಿರಬೇಕು. ಇನ್ನೊಬ್ಬರು ‘ನಮ್ಮ ಕರ್ನಾಟಕದ ಮಕ್ಕಳು’ ಎನ್ನುತ್ತಾರೆ. ಆಗ ನಮ್ಮದು ಮೈಸೂರು ರಾಜ್ಯ, ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಇವೆಲ್ಲ ಸಣ್ಣ ತಪ್ಪು, ಬಿಡಿ. ವಯಸ್ಸಾದಂತೆ ನೆನಪು ಅಕ್ಕಪಕ್ಕದ ಮನೆಯ ಸಾಮಾನನ್ನೂ ತಂದು ತನ್ನ ಮನೆಗೆ ಸೇರಿಸಿಕೊಳ್ಳುತ್ತದೆ.

ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಇಪ್ಪತ್ತಕ್ಕೂ ಹೆಚ್ಚು ಲೇಖನಗಳಲ್ಲಿ ‘ಆಗ ಎಲ್ಲರೂ ಒಂದಾಗಿದ್ದೆವು’ ಎಂಬ ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಆದರೆ ಯಾರು ಏನು ಮಾಡಿದರೆಂದು ವಿವರಿಸುವಾಗ ಬರುವುದು ಎನ್‌.ಸಿ.ಸಿ. ಕವಾಯತು, ಆಟದ ಬಯಲಿನಲ್ಲಿ ಕಂದಕ ತೋಡಿದ್ದು, ರಾತ್ರಿ ಬ್ಲ್ಯಾಕೌಟಿನಲ್ಲಿ ಬೀದಿ ಕಾದದ್ದು, ಅಷ್ಟೇ. ಹುಡುಗಿಯರಿಗೆ ಇರುವುದು ಒಂದು ಸಾಲು: ‘ವಿದ್ಯಾರ್ಥಿನಿಯರು ಸ್ವೆಟರ್ ಹೆಣೆದರು.’ ಆ ಸಾಲು ಮೂರು ಲೇಖನಗಳಲ್ಲಿ ಅಕ್ಷರ ಬದಲಾಗದೆ ಇದೆ. ನಮ್ಮ ಸಿನಿಮಾಗಳಾದರೂ ಇದಕ್ಕಿಂತ ಮೇಲು. 1990ರ ‘ಮುತ್ತಿನ ಹಾರ’ದಲ್ಲಿ ವಿಷ್ಣುವರ್ಧನ್ ಜೊತೆಗೆ ಸುಹಾಸಿನಿಯ ನರ್ಸ್ ಪಾತ್ರಕ್ಕೂ ತನ್ನದೇ ಒಂದು ಬದುಕಿದೆ.

ಐವರು ಹೆಂಗಸರಲ್ಲಿ ಚೆನ್ನಾಗಿ ಬರೆದವರು ಒಬ್ಬರೇ. ಒಂದೂವರೆ ಪುಟ, ಅಷ್ಟೂ ಅವರ ಅಡುಗೆಮನೆಯ ವಿಷಯ. ಕಿಟಕಿಗೆ ಕರಿ ಕಾಗದ ಅಂಟಿಸಿದ್ದು, ಲಾಟೀನಿನ ಬೆಳಕು ಹೊರಗೆ ಬೀಳದ ಹಾಗೆ ಅವರಮ್ಮ ಅದಕ್ಕೆ ತೂತಿನ ಡಬ್ಬ ಮುಚ್ಚಿದ್ದು, ಆ ತೂತಿನಿಂದ ಬಿದ್ದ ಚುಕ್ಕಿ ಬೆಳಕಿನಲ್ಲಿ ರೇಖಾಗಣಿತ ಓದಿದ್ದು. ಕಾಗದಗಳಿಗೆ ಆಗ ಐದು ಪೈಸೆಯ ಹೆಚ್ಚುವರಿ ಸ್ಟಾಂಪು ಅಂಟಿಸಬೇಕಿತ್ತಲ್ಲ, ಅದನ್ನು ನೆನಪಿಟ್ಟವರೂ ಅವರೊಬ್ಬರೇ. ಪೂರ್ವ ಬಂಗಾಳದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರಿಗಾಗಿ 1971ರ ನವೆಂಬರ್ 15ರಿಂದ ಹಾಕಿದ ತೆರಿಗೆ ಅದು. ಮೊದಲು ಬಂದದ್ದು ಕುಟುಂಬ ಯೋಜನೆಯ ಸ್ಟಾಂಪಿನ ಮೇಲೇ ನಿರಾಶ್ರಿತರ ಪರಿಹಾರವೆಂದು ಮುದ್ರೆ ಹೊಡೆದದ್ದು. ಅವರ ಅಜ್ಜಿ ‘ಇಷ್ಟು ಸಣ್ಣ ಕಾಗದಕ್ಕೆ ಇದ್ಯಾವ ಸಂಸಾರ ಅಂಟಿಸಿದೀರಿ’ ಎಂದರಂತೆ. ಇಡೀ ಪುಸ್ತಕದಲ್ಲಿ ನಾನು ಎರಡು ಸಲ ಓದಿದ ಪುಟ ಇದೊಂದೇ. ಇವರು ದೇಶದ ಬಗ್ಗೆ ಬರೆಯಲು ಹೋಗಿಲ್ಲ. ಹಾಗಿದ್ದೂ ಆ ಡಬ್ಬದ ತೂತಿನಿಂದ ದೇಶವೆಲ್ಲ ಕಾಣುತ್ತದೆ.

ನನ್ನ ಲೇಖನವನ್ನೂ ಬಿಡುವ ಹಾಗಿಲ್ಲ. ‘ಉಲ್ಲನ್ ಎಳೆಯಲ್ಲಿ ದೇಶಪ್ರೇಮ’ ಎಂಬ ಶೀರ್ಷಿಕೆ ಕೊಟ್ಟಿದ್ದೆ. ಈಗ ಓದಿದರೆ ಮುಖ ಬಿಸಿಯಾಗುತ್ತದೆ. ‘ನಾವೆಲ್ಲ ಹೆಣೆದೆವು’ ಎಂದು ಬರೆದಿದ್ದೇನೆ. ನಿಜವೇನೆಂದರೆ ನನಗೆ ಉಲ್ಟಾ ಸೀದಾ ಹಾಕುವಷ್ಟು ಬರುತ್ತಿತ್ತು, ಕತ್ತು ತಿರುಗಿಸುವುದು ಬರುತ್ತಿರಲಿಲ್ಲ. ಹೊಲಿಗೆ ಟೀಚರು ಕೊಟ್ಟ ಹಸಿರು ಉಲ್ಲನ್ನು ಮನೆಗೆ ತಂದಾಗ ನಮ್ಮಮ್ಮ ಕೇಳಿದ್ದು ಇವತ್ತಿಗೂ ನಗು ಬರಿಸುತ್ತದೆ: “ನಿಮ್ಮ ಸ್ಕೂಲಲ್ಲಿರೋ ಒಬ್ಬ ಜವಾನಂಗೆ ಇಷ್ಟೊಂದು ಸ್ವೆಟರ್ ಯಾಕೇ?” ಗಂಟೆ ಹೊಡೆಯುವ ಜವಾನನನ್ನು ಬಿಟ್ಟು ಬೇರೆ ಜವಾನ ಅಮ್ಮನಿಗೆ ಗೊತ್ತಿರಲಿಲ್ಲ.

ನನ್ನ ಸ್ವೆಟರನ್ನು ಮುಗಿಸಿದವಳು ಗೆಳತಿ. ತನ್ನದು ಮುಗಿಸಿ, ಕೆರೆ ಏರಿಯ ಮೇಲೆ ನಡೆಯುತ್ತಾ ನನ್ನದನ್ನೂ ಹೆಣೆದಳು. ಅವಳ ಅಣ್ಣ ಸೈನ್ಯದಲ್ಲಿದ್ದ, ಪಶ್ಚಿಮದ ಗಡಿಯಲ್ಲಿ. ಡಿಸೆಂಬರಿನಲ್ಲಿ ಅವನ ಕಾಗದ ಬರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕಡ್ಡಿಗಳು ಮಾತ್ರ ಇನ್ನೂ ಜೋರಾಗಿ ಓಡುತ್ತಿದ್ದವು. ಶಾಲೆಯಲ್ಲಿ ಒಪ್ಪಿಸುವಾಗ ಒಂದೊಂದು ಸ್ವೆಟರಿಗೂ ಹೆಣೆದವರ ಹೆಸರಿನ ಚೀಟಿ ಪಿನ್ ಮಾಡಿದರು. ಪ್ರಾರ್ಥನೆಯ ಸಾಲಿನಲ್ಲಿ ‘ಅತ್ಯುತ್ತಮ’ ಎಂದು ಎತ್ತಿ ತೋರಿಸಿದ್ದು ನನ್ನ ಹೆಸರಿನ ಸ್ವೆಟರನ್ನು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ನಾನು ಆವತ್ತು ಬಾಯಿ ಬಿಡಲಿಲ್ಲ. ಐವತ್ತು ವರ್ಷದ ಮೇಲೆ ಬರೆಯಲು ನಾಲ್ಕು ಪುಟ ಕೊಟ್ಟಾಗಲೂ ಬಿಡಲಿಲ್ಲ.

ಗೆದ್ದ ಮೇಲಿನ ಕಥೆ ಸಂಚಿಕೆಯಲ್ಲಿ ಧಾರಾಳವಾಗಿದೆ. ಮೆರವಣಿಗೆ, ಪೆಪ್ಪರ್‌ಮಿಂಟು, ರದ್ದಾಗಿದ್ದ ಬೇಲೂರು–ಹಳೇಬೀಡು ಪ್ರವಾಸ, ಬೀಳ್ಕೊಡುಗೆಯ ಉಪ್ಪಿಟ್ಟು ಕೇಸರಿಬಾತು, ಆಟೋಗ್ರಾಫ್ ಪುಸ್ತಕದ ಬಣ್ಣಬಣ್ಣದ ಹಾಳೆಗಳು. ಗೆಳತಿಯ ಮನೆಯ ಕಥೆ ಅದರಲ್ಲಿಲ್ಲ. ಅಣ್ಣ ಫೆಬ್ರವರಿಯಲ್ಲಿ ರಜೆಯ ಮೇಲೆ ಬಂದ, ಆರೋಗ್ಯವಾಗಿಯೇ ಬಂದ. ಅವನು ಮತ್ತೆ ಹೊರಡುವುದರೊಳಗೆ ಮನೆಯಲ್ಲೊಂದು ಶುಭಕಾರ್ಯವಾಗಿಬಿಡಲಿ, ಮತ್ತೆ ಯಾವಾಗ ಬರುತ್ತಾನೋ ಏನೋ ಎಂದು ಹಿರಿಯರು ಹೇಳಿದರು. ಹದಿನೈದು ದಿನದಲ್ಲಿ ಇವಳ ಮದುವೆಯಾಯಿತು. ಮಾರ್ಚಿನಲ್ಲಿ ನಾವು ಪರೀಕ್ಷೆಗೆ ಕೂತಾಗ ಅವಳು ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯೊಂದರಲ್ಲಿ ಸೊಸೆ. ನಮ್ಮ ಕ್ಲಾಸಿನಲ್ಲಿ ಲೆಕ್ಕದಲ್ಲಿ ಮೊದಲಿದ್ದವಳು ಅವಳು. ಅವಳ ಮನೆಯವರನ್ನು ನಾನು ದೂರುವುದಿಲ್ಲ. ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಅಣ್ಣ ಬದುಕಿ ಬಂದ ಸಂತೋಷಕ್ಕೇ ತಂಗಿಯ ಓದು ನಿಂತಿತು ಎಂಬುದನ್ನು ಗೆಲುವಿನ ಯಾವ ಅಧ್ಯಾಯದಲ್ಲಿ ಬರೆಯುವುದು?

ಸಂಚಿಕೆಯ ಕೊನೆಗೆ ‘1972ರ ಬ್ಯಾಚು’ ಎಂದು ಹೆಸರುಗಳ ಪಟ್ಟಿಯಿದೆ. ತೀರಿಹೋದವರ ಹೆಸರಿನ ಮುಂದೆ ಒಂದು ನಕ್ಷತ್ರ. ಅವಳ ಹೆಸರು ನಕ್ಷತ್ರ ಇದ್ದವರಲ್ಲೂ ಇಲ್ಲ, ಇಲ್ಲದವರಲ್ಲೂ ಇಲ್ಲ. ಸಂಪಾದಕರಿಗೆ ಫೋನ್ ಮಾಡಿದೆ. “ಮೇಡಂ, ಪರೀಕ್ಷೆಗೆ ಕೂತವರ ರಿಜಿಸ್ಟರಿನಿಂದ ತೆಗೆದ ಪಟ್ಟಿ ಅದು. ಮಧ್ಯದಲ್ಲಿ ಬಿಟ್ಟವರದು ನಮಗೆ ಹೇಗೆ ಸಿಗುತ್ತೆ?” ಎಂದರು. ಒಳ್ಳೆಯ ಮನುಷ್ಯ, ಕೈಯಿಂದ ಹಣ ಹಾಕಿ ಪುಸ್ತಕ ಮಾಡಿದವರು. ಆದರೆ ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಗ್ರೂಪ್ ಫೋಟೋದ ಹುಡುಗಿಯರನ್ನು ಎಣಿಸಿ, ಸಂಕ್ರಾಂತಿಯ ಹೊತ್ತಿಗೆ ನಮ್ಮ ಬೆಂಚುಗಳಲ್ಲಿದ್ದವರನ್ನು ನೆನಪು ಮಾಡಿಕೊಂಡೆ. ಮೂವರು ಕಮ್ಮಿ. ರಿಜಿಸ್ಟರಿನಿಂದ ನೆನಪು ಬರೆದರೆ ಹುಡುಗಿಯರೇ ಮೊದಲು ಬಿಟ್ಟುಹೋಗುವುದು. ಈ ಮಾತನ್ನು ಪುಸ್ತಕದ ಮುನ್ನುಡಿಯಲ್ಲಿ ಒಂದು ಸಾಲಾಗಿ ಹಾಕಿದ್ದರೂ ನನ್ನ ಅರ್ಧ ತಕರಾರು ಇಳಿಯುತ್ತಿತ್ತು.

ಪುಸ್ತಕ ಹಿಡಿದುಕೊಂಡು ಅವಳ ಮನೆಗೆ ಹೋದೆ. ಮೊಮ್ಮಗಳ ತಲೆ ಬಾಚುತ್ತಾ ಜಗುಲಿಯಲ್ಲಿ ಕೂತಿದ್ದಳು. ಕನ್ನಡಕ ಹಾಕಿಕೊಂಡು ಗ್ರೂಪ್ ಫೋಟೋವನ್ನು ಬಹಳ ಹೊತ್ತು ನೋಡಿ ಒಬ್ಬೊಬ್ಬರ ಹೆಸರನ್ನೂ ತಪ್ಪಿಲ್ಲದೆ ಹೇಳಿದಳು. ನನ್ನ ಲೇಖನವನ್ನು ನಾನೇ ಓದಿ ಹೇಳಿ, ‘ನಾವೆಲ್ಲ’ ಎಂಬಲ್ಲಿ ನಿಲ್ಲಿಸಿ, “ಇದು ಸುಳ್ಳು ಕಣೇ, ನೀನು ಹೆಣೆದದ್ದು” ಎಂದೆ.

“ಅದು ಗೊತ್ತು ಬಿಡೇ” ಎಂದಳು. ಸ್ವಲ್ಪ ಹೊತ್ತು ಜಡೆ ಹೆಣೆದು, ಮತ್ತೆ ಹೇಳಿದಳು: “ನಿಂದಕ್ಕೆ ಕತ್ತಿನ ಹತ್ರ ಉಲ್ಲನ್ನು ಸಾಲ್ಲಿಲ್ಲ. ನಾಲ್ಕು ಕಣ್ಣು ಕಮ್ಮಿ ಮಾಡಿ ಮುಗಿಸ್ಬಿಟ್ಟೆ. ಹಾಕ್ಕೊಂಡೋನಿಗೆ ಬಿಗಿ ಆಯ್ತೋ ಏನೋ ಅಂತ ಬಾಳ ದಿನ ಅಂದ್ಕೋತಿದ್ದೆ.”