ಯಾವ ಯಂತ್ರದಲ್ಲಾದರೂ ಕಟ್ಟಬಹುದಾದ ನೆಟ್‌ಬಿಎಸ್‌ಡಿ

ನೆಟ್‌ಬಿಎಸ್‌ಡಿ 1993ರಲ್ಲಿ ಆರಂಭವಾದ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಯುನಿಕ್ಸ್ ಪರಂಪರೆಯ ಕುಡಿ. ಕರ್ನಲ್, ಸಿ ಲೈಬ್ರರಿ, ದಿನಬಳಕೆಯ ಕಮಾಂಡುಗಳು, ಕೈಪಿಡಿಯ ಪುಟಗಳು ಎಲ್ಲವೂ ಒಂದೇ ಸೋರ್ಸ್ ಕೋಡ್ ಸಂಗ್ರಹದಲ್ಲಿವೆ. ಕರ್ನಲ್ ಬದಲಿಸಿದವರು ಅದನ್ನು ನೆಚ್ಚಿದ ಕಮಾಂಡನ್ನೂ ಅದರ ಕೈಪಿಡಿಯನ್ನೂ ಜೊತೆಯಲ್ಲೇ ತಿದ್ದಬಹುದು. ನಿರ್ವಹಣೆಯ ಅಚ್ಚುಕಟ್ಟುತನಕ್ಕೆ ಇದೇ ಬುನಾದಿ.

ಈ ಸೋರ್ಸ್‌ನಿಂದ ಓಡಬಲ್ಲ ವ್ಯವಸ್ಥೆಯನ್ನು ಕಟ್ಟುವ ಹೊಣೆ ‘ಬಿಲ್ಡ್.ಎಸ್‌ಎಚ್’ ಎಂಬ ಶೆಲ್ ಸ್ಕ್ರಿಪ್ಟಿನದು. ಮರಗೆಲಸದವನು ಮೊದಲು ಉಳಿ ಮಸೆದುಕೊಳ್ಳುವಂತೆ, ಅದು ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳನ್ನು ಸೋರ್ಸ್‌ನಿಂದಲೇ ತಯಾರಿಸಿಕೊಳ್ಳುತ್ತದೆ. ಆಮೇಲೆ ಅವುಗಳಿಂದ ಇಡೀ ವ್ಯವಸ್ಥೆಯನ್ನು ಕಟ್ಟುತ್ತದೆ. ಹೀಗಾಗಿ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ, ರೂಟ್ ಅಧಿಕಾರವಿಲ್ಲದೆಯೂ, ಆರ್ಮ್ ಬೋರ್ಡಿಗೋ ಹಳೆಯ ವ್ಯಾಕ್ಸ್ ಯಂತ್ರಕ್ಕೋ ಬೇಕಾದ ವ್ಯವಸ್ಥೆ ಸಿದ್ಧವಾಗುತ್ತದೆ. ನಿಧಾನಗತಿಯ ಯಂತ್ರ ತನ್ನನ್ನು ತಾನೇ ಕಟ್ಟಿಕೊಳ್ಳುತ್ತ ದಿನಗಟ್ಟಲೆ ಏಗಬೇಕಿಲ್ಲ.

ಒಂದೇ ಸೋರ್ಸ್‌ನಿಂದ ಎಷ್ಟು ಸಲ ಕಟ್ಟಿದರೂ ಫಲ ಒಂದೇ ಬರುವುದು ಸುಲಭವಲ್ಲ. ಫೈಲುಗಳೊಳಗೆ ಸೇರಿಕೊಳ್ಳುವ ದಿನಾಂಕ, ಡೈರೆಕ್ಟರಿಯ ಹೆಸರು, ಫೈಲುಗಳನ್ನು ಓದುವ ಕ್ರಮ ಇವೆಲ್ಲ ವ್ಯತ್ಯಾಸ ತರುತ್ತವೆ. ಅವನ್ನು ಒಂದೊಂದಾಗಿ ನಿವಾರಿಸಿ, 2017ರ ಹೊತ್ತಿಗೆ ಎಎಮ್‌ಡಿ64 ಮತ್ತು ಸ್ಪಾರ್ಕ್64 ಯಂತ್ರಗಳಿಗೆ ಬೈಟ್ ಬೈಟೂ ಹೊಂದುವ ಬಿಲ್ಡ್ ಸಾಧಿಸಲಾಯಿತು. ಸಿದ್ಧ ಫೈಲು ಪ್ರಕಟಿತ ಸೋರ್ಸ್‌ನದೇ ಹೌದೋ ಅಲ್ಲವೋ ಎಂಬುದನ್ನು ಇದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದು.