‘ಪ್ರತ್ಯೇಕ, ಆದರೆ ಸಮಾನ’ ಎಂಬ ವಾಕ್ಯದ ತಾತ್ಪರ್ಯವಿಚಾರ

ಒಂದು ವಾಕ್ಯದಲ್ಲಿ ಎರಡು ಧರ್ಮಗಳು ಕೂಡಿ ಹೇಳಲ್ಪಟ್ಟಿರುವಾಗ, ಅವುಗಳಲ್ಲಿ ವಿಧೇಯವಾದುದು ಯಾವುದು, ಸ್ತುತಿಮಾತ್ರಕ್ಕಾಗಿ ಬಂದ ಅರ್ಥವಾದವು ಯಾವುದು ಎಂಬುದನ್ನು ಮೊದಲು ನಿಶ್ಚಯಿಸತಕ್ಕದ್ದೆಂದು ಮೀಮಾಂಸಕರು ಹೇಳುವರು. ಈ ನಿಯಮವು ಯಜ್ಞಕರ್ಮಗಳಿಗೆ ಮಾತ್ರ ಸಲ್ಲತಕ್ಕುದಲ್ಲ. ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಲೋಕವ್ಯವಹಾರದ ವಾಕ್ಯಗಳನ್ನು ನಿರ್ಣಯಿಸುವಲ್ಲಿಯೂ ಮೀಮಾಂಸಾನ್ಯಾಯಗಳನ್ನೇ ಬಳಸಿದನು. ಆದುದರಿಂದ ನ್ಯಾಯಾಲಯದ ವಾಕ್ಯವೊಂದನ್ನು ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಾಗಲಾರದು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು, ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಿಳಿಯರ ಮಕ್ಕಳಿಗೊಂದು, ಕರಿಯರ ಮಕ್ಕಳಿಗೊಂದು ಎಂದು ಪಾಠಶಾಲೆಗಳನ್ನು ಬೇರ್ಪಡಿಸಿ ನಡೆಸಲು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಪ್ರಮಾಣವಾಗಿ ನಿಂತಿದ್ದ ‘ಪ್ರತ್ಯೇಕ, ಆದರೆ ಸಮಾನ’ ಎಂಬ ವಾಕ್ಯ. ಶಾಲೆಗಳ ವಿಷಯದಲ್ಲಿ ಈ ವಾಕ್ಯವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತಳ್ಳಿಹಾಕಿತು. ಅದು ಬೋಧಿಸುತ್ತಿದ್ದ ಅರ್ಥವು ಮಾತ್ರ ಇಂದಿಗೂ ಪೂರ್ತಿಯಾಗಿ ತೊಲಗಿಲ್ಲ. ಶಬ್ದವು ಅಳಿದ ಮೇಲೆಯೂ ಅರ್ಥವು ಉಳಿಯುವ ಬಗೆ ಯಾವುದೆಂಬುದೇ ಈ ವಿಮರ್ಶೆಯ ವಿಷಯ.

ಮೊದಲು ವಾಕ್ಯದ ಉತ್ಪತ್ತಿಯನ್ನು ನೋಡತಕ್ಕದ್ದು. 1890ರಲ್ಲಿ ಲೂಯಿಸಿಯಾನ ಸಂಸ್ಥಾನವು ರೈಲುಗಾಡಿಗಳಲ್ಲಿ ಎರಡು ಜನಾಂಗಗಳಿಗೂ ‘ಸಮಾನ, ಆದರೆ ಪ್ರತ್ಯೇಕ’ವಾದ ಸ್ಥಳಗಳಿರಬೇಕೆಂದು ಶಾಸನ ಮಾಡಿತು. ಈ ಶಾಸನವನ್ನು ಪ್ರಶ್ನಿಸಿದ ಪ್ಲೆಸ್ಸಿ ಎಂಬಾತನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ಏಳಕ್ಕೆ ಒಂದು ಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಮೂಲದಲ್ಲಿ ಮುಂದಿದ್ದ ‘ಸಮಾನ’ ಪದವು ಲೋಕದ ಬಾಯಲ್ಲಿ ಹಿಂದಕ್ಕೆ ಸರಿದು, ‘ಪ್ರತ್ಯೇಕ’ ಪದವು ಮುಂದಕ್ಕೆ ಬಂದಿತು. ಪದಕ್ರಮದ ಈ ವ್ಯತ್ಯಾಸವು ಆಕಸ್ಮಿಕವೆಂದು ತೋರಬಹುದು; ಆದರೆ ಲೋಕವು ವಾಕ್ಯದ ತಾತ್ಪರ್ಯವನ್ನು ಪಂಡಿತರಿಗಿಂತ ಮೊದಲೇ ಗ್ರಹಿಸಿತೆಂಬುದಕ್ಕೆ ಇದೊಂದು ಕುರುಹು.

ರೈಲುಗಾಡಿಯನ್ನು ಕುರಿತ ವಾಕ್ಯವು ಪಾಠಶಾಲೆಗೆ ಅನ್ವಯಿಸಿದುದು ಹೇಗೆ? ಈ ಅತಿದೇಶದ ಮಾರ್ಗವು ವಿಚಿತ್ರವಾಗಿದೆ. ಪ್ಲೆಸ್ಸಿಯ ತೀರ್ಪು ತನ್ನ ಸಮರ್ಥನೆಗೆ ಶಾಲೆಗಳನ್ನೇ ದೃಷ್ಟಾಂತವಾಗಿ ಹಿಡಿಯಿತು. ಅದರಲ್ಲಿಯೂ ಬಾಸ್ಟನ್ ನಗರದ ಹಳೆಯ ವ್ಯಾಜ್ಯವೊಂದನ್ನು ಎತ್ತಿ ಹೇಳಿತು. ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಕರಿಯ ಬಾಲಿಕೆಯು ಬಿಳಿಯರ ಐದು ಶಾಲೆಗಳನ್ನು ದಾಟಿಕೊಂಡು ತನಗೆ ಗೊತ್ತುಮಾಡಿದ ಶಾಲೆಗೆ ನಡೆದುಹೋಗಬೇಕಾಗಿದ್ದಿತು. ಆಕೆಯ ತಂದೆಯು ಹೂಡಿದ ಈ ವ್ಯಾಜ್ಯದಲ್ಲಿ 1849ರಲ್ಲಿ ಚಾರ್ಲ್ಸ್ ಸಮ್ನರ್ ಎಂಬ ವಿದ್ವಾಂಸನೂ, ರಾಬರ್ಟ್ ಮಾರಿಸ್ ಎಂಬ ಕರಿಯ ವಕೀಲನೂ ಬಾಲಿಕೆಯ ಪರವಾಗಿ ನಿಂತರು. ನ್ಯಾಯಾಧಿಪತಿ ಷಾ ಅವರ ವಾದವನ್ನು ಅಂಗೀಕರಿಸಲಿಲ್ಲ. ಆದರೆ ಅದೇ ಮೆಸಾಚುಸೆಟ್ಸ್ ಸಂಸ್ಥಾನವು 1855ರಲ್ಲಿ ಶಾಸನಮುಖದಿಂದ ಶಾಲೆಗಳಲ್ಲಿ ಈ ಭೇದವನ್ನು ನಿಷೇಧಿಸಿತು. ಹೀಗೆ ಹುಟ್ಟಿದ ಊರಿನಲ್ಲಿಯೇ ಬಾಧಿತವಾಗಿ 41 ವರ್ಷವಾಗಿದ್ದ ನಿರ್ಣಯವನ್ನು ಪ್ಲೆಸ್ಸಿಯ ತೀರ್ಪು ಪ್ರಮಾಣವೆಂದು ಹಿಡಿಯಿತು. ಮುಂದೆ 1927ರಲ್ಲಿ ಮಿಸಿಸಿಪ್ಪಿ ಸಂಸ್ಥಾನದ ಬಿಳಿಯರ ಶಾಲೆಯೊಂದು ಚೀನೀ ವಂಶದ ಬಾಲಿಕೆಯನ್ನು ಹೊರಗಿಟ್ಟುದು ಸರಿಯೆಂದು ತೀರ್ಮಾನಿಸುವಾಗ, ಸರ್ವೋಚ್ಚ ನ್ಯಾಯಾಲಯವು ಪ್ಲೆಸ್ಸಿಯ ತೀರ್ಪನ್ನು ಆಧಾರಗಳಲ್ಲೊಂದಾಗಿ ಎತ್ತಿಕೊಂಡಿತು. ಶಾಲೆಯಿಂದ ಗಾಡಿಯು, ಗಾಡಿಯಿಂದ ಶಾಲೆಯು ಸಿದ್ಧವಾದ ಮೇಲೆ, ಇದನ್ನು ಅನ್ಯೋನ್ಯಾಶ್ರಯವೆನ್ನದೆ ಬೇರೇನೆನ್ನಬೇಕು? ಬಿಳಿಯಳೂ ಅಲ್ಲದ, ಕರಿಯಳೂ ಅಲ್ಲದ ಆ ಬಾಲಿಕೆಯನ್ನು ‘ವರ್ಣದವರು’ ಎಂಬ ಗುಂಪಿಗೆ ಸೇರಿಸಿದುದರಿಂದ, ಭೇದದ ಉದ್ದೇಶವು ಎರಡು ಜನಾಂಗಗಳಿಗೆ ಎರಡು ಶಾಲೆಗಳನ್ನು ಕೊಡುವುದಲ್ಲ, ಒಂದು ಜನಾಂಗವನ್ನು ಉಳಿದವರೆಲ್ಲರಿಂದ ದೂರವಿಡುವುದು ಎಂಬುದೂ ಸ್ಪಷ್ಟವಾಯಿತು.

ಇನ್ನು ತಾತ್ಪರ್ಯನಿರ್ಣಯ. ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಲ್ಲಿ ಇಲ್ಲಿ ಫಲವೇ ಮುಖ್ಯವಾದುದು. ‘ಪ್ರತ್ಯೇಕ’ ಮತ್ತು ‘ಸಮಾನ’ ಎಂಬ ಎರಡನ್ನೂ ನಡೆಸಲಾಗದ ಸಂದರ್ಭ ಬಂದಾಗ ಯಾವುದು ಬಿಡಲ್ಪಟ್ಟಿತೆಂಬುದನ್ನು ನೋಡಿದರೆ ಸಾಕು. ಪ್ಲೆಸ್ಸಿಯ ತೀರ್ಪು ಬಂದ ಮೂರೇ ವರ್ಷಕ್ಕೆ, 1899ರಲ್ಲಿ, ಅಂಥ ಸಂದರ್ಭವು ಒದಗಿತು. ಜಾರ್ಜಿಯ ಸಂಸ್ಥಾನದ ಅಗಸ್ಟ ಪಟ್ಟಣದಲ್ಲಿ ಶಾಲಾಮಂಡಲಿಯು ಹಣ ಸಾಲದೆಂದು ಹೇಳಿ ಕರಿಯರ ಪ್ರೌಢಶಾಲೆಯನ್ನು ಮುಚ್ಚಿತು. ಬಿಳಿಯರ ಪ್ರೌಢಶಿಕ್ಷಣಕ್ಕೆ ಮಾತ್ರ ಸಾರ್ವಜನಿಕ ದ್ರವ್ಯವು ಸಲ್ಲುತ್ತಲೇ ಇದ್ದಿತು. ಇಲ್ಲಿ ಸಮಾನತೆಯು ಅತ್ಯಂತಾಭಾವವನ್ನು ಹೊಂದಿತ್ತು. ಆದರೂ ನ್ಯಾಯಾಲಯವು ಏಕಮತದಿಂದ ಮಂಡಲಿಯ ಪಕ್ಷವನ್ನೇ ಹಿಡಿಯಿತು. ಆ ತೀರ್ಪನ್ನು ಬರೆದವನು, ಪ್ಲೆಸ್ಸಿಯ ವ್ಯಾಜ್ಯದಲ್ಲಿ ಒಬ್ಬನೇ ಭಿನ್ನಮತವನ್ನು ದಾಖಲಿಸಿದ್ದ ನ್ಯಾಯಾಧಿಪತಿ ಹಾರ್ಲನ್ ಎಂಬುದು ಗಮನಾರ್ಹ. ರೈಲುಗಾಡಿಯಲ್ಲಿ ಕಂಡ ಅನ್ಯಾಯವು ಶಾಲೆಯ ಬಾಗಿಲಲ್ಲಿ ಆತನಿಗೆ ಕಾಣಲಿಲ್ಲ. ಆದಕಾರಣ ‘ಪ್ರತ್ಯೇಕ’ ಎಂಬುದೇ ವಿಧಿ, ‘ಸಮಾನ’ ಎಂಬುದು ಅರ್ಥವಾದ ಎಂದು ನಿರ್ಣಯಿಸಬೇಕಾಗಿದೆ. ಅರ್ಥವಾದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲವೆಂಬುದು ಪ್ರಸಿದ್ಧವೇ ಆಗಿದೆ. ದಕ್ಷಿಣ ಕೆರೊಲಿನದ ಕ್ಲಾರೆಂಡನ್ ಪ್ರಾಂತದಲ್ಲಿ 1949–50ರಲ್ಲಿ ಬಿಳಿಯ ಬಾಲಕನೊಬ್ಬನಿಗೆ 179 ಡಾಲರುಗಳೂ ಕರಿಯ ಬಾಲಕನೊಬ್ಬನಿಗೆ 43 ಡಾಲರುಗಳೂ ವೆಚ್ಚವಾಗುತ್ತಿದ್ದುವೆಂಬ ಲೆಕ್ಕವು ಇದಕ್ಕೆ ಭಾಷ್ಯದಂತಿದೆ.

ಆದರೆ ಪೂರ್ವಪಕ್ಷಿಯು ಹೀಗೆ ಕೇಳಬಹುದು: ದೋಷವು ಅಸಮಾನತೆಯಲ್ಲಿದೆಯೇ ಹೊರತು ಪ್ರತ್ಯೇಕತೆಯಲ್ಲಿಲ್ಲವಲ್ಲ; 179 ಡಾಲರುಗಳನ್ನು ಇಬ್ಬರಿಗೂ ಕೊಟ್ಟರೆ ವಾಕ್ಯವು ನಿರ್ದುಷ್ಟವಾಗದೇ? ಇದಕ್ಕೆ ಉತ್ತರವು 1950ರ ಇನ್ನೊಂದು ವ್ಯಾಜ್ಯದಲ್ಲಿದೆ. ಓಕ್ಲಹೋಮ ವಿಶ್ವವಿದ್ಯಾನಿಲಯದಲ್ಲಿ ಮೆಕ್ಲಾರಿನ್ ಎಂಬ ಕರಿಯ ವಿದ್ಯಾರ್ಥಿಗೆ ಪ್ರವೇಶವೇನೋ ದೊರೆಯಿತು. ಅದೇ ಅಧ್ಯಾಪಕರು, ಅದೇ ಪಾಠ, ಅದೇ ಗ್ರಂಥಭಂಡಾರ. ಆದರೆ ಆತನು ಪಾಠದ ಕೊಠಡಿಗೆ ಹೊಂದಿದ ಪಕ್ಕದ ಕೋಣೆಯಲ್ಲಿ ಕುಳಿತು ಕೇಳಬೇಕಾಗಿದ್ದಿತು. ಗ್ರಂಥಭಂಡಾರದಲ್ಲಿ ಬೇರೆ ಮೇಜು, ಭೋಜನಶಾಲೆಯಲ್ಲಿ ಬೇರೆ ಹೊತ್ತು. ಉಳಿದುದೆಲ್ಲವೂ ಸಮಾನವಾಗಿದ್ದು ಪ್ರತ್ಯೇಕತೆಯೊಂದೇ ಉಳಿದ ಈ ಸ್ಥಿತಿಯಲ್ಲಿಯೂ ವಿದ್ಯೆಗೆ ಹಾನಿಯುಂಟೆಂದು ನ್ಯಾಯಾಲಯವು ಕಂಡುಕೊಂಡಿತು. ಜತೆಗಾರರೊಡನೆ ಚರ್ಚಿಸದೆ ವಿದ್ಯೆಯು ಪಕ್ವವಾಗದೆಂಬುದು ವಾಕ್ಯಾರ್ಥಗೋಷ್ಠಿಗಳನ್ನು ಬಲ್ಲವರಿಗೆ ಹೊಸತಲ್ಲ. ಪ್ರತ್ಯೇಕತೆಯಿರುವಲ್ಲಿ ಹಾನಿಯುಂಟೆಂಬ ಅನ್ವಯವು ಇದರಿಂದ ಸಿದ್ಧವಾಯಿತು. 1954ರ ಮೇ 17ರಂದು ಬ್ರೌನ್ ವ್ಯಾಜ್ಯದಲ್ಲಿ ಒಂಬತ್ತು ನ್ಯಾಯಾಧಿಪತಿಗಳೂ ಒಮ್ಮತದಿಂದ, ಬೇರ್ಪಡಿಸಿದ ಶಾಲೆಯು ಸ್ವಭಾವತಃ ಅಸಮಾನವೆಂದು ಸಾರಿದುದು ಈ ಅನ್ವಯದ ಫಲ. ‘ಪ್ರತ್ಯೇಕ’, ‘ಸಮಾನ’ ಎಂಬ ಪದಗಳೆರಡಕ್ಕೂ ಈ ಸ್ಥಳದಲ್ಲಿ ಪರಸ್ಪರ ಯೋಗ್ಯತೆಯೇ ಇಲ್ಲ, ಬೆಂಕಿಯಿಂದ ನೆನೆಸುತ್ತಾನೆಂಬ ವಾಕ್ಯದಂತೆ, ಎಂದು ಹೇಳಿದಂತಾಯಿತು.

ಇಲ್ಲಿಗೆ ಕಥೆಯು ಮುಗಿಯಬೇಕಾಗಿದ್ದಿತು, ಮುಗಿಯಲಿಲ್ಲ. ಕಾರಣವು ಮರುವರ್ಷದ ತೀರ್ಪಿನಲ್ಲಿದೆ. ಕರ್ಮವನ್ನು ವಿಳಂಬವಿಲ್ಲದೆ ನಡೆಸತಕ್ಕದ್ದೆಂದು ಬೋಧಿಸುವುದು ಪ್ರಯೋಗವಿಧಿಯ ಲಕ್ಷಣ. 1955ರಲ್ಲಿ ನ್ಯಾಯಾಲಯವು ತನ್ನ ನಿರ್ಣಯವನ್ನು ‘ವಿವೇಚನಾಪೂರ್ವಕವಾದ ವೇಗದಿಂದ’ ಆಚರಣೆಗೆ ತರಬೇಕೆಂದಿತು. ಈ ವಾಕ್ಯದಲ್ಲಿ ವಿಶೇಷಣವು ವಿಶೇಷ್ಯವನ್ನು ನುಂಗಿತು. ವೇಗವೆಂಬ ನಾಮವು ಕಾಗದದಲ್ಲಿ ನಿಂತಿತು. ವಿವೇಚನೆಯೆಂಬ ನೆಪವು ಆಚರಣೆಯಲ್ಲಿ ನಿಂತಿತು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಪ್ರಾಂತದಲ್ಲಿ ಶಾಲೆಗಳನ್ನು ಕೂಡಿಸುವುದಕ್ಕಿಂತ ಮುಚ್ಚುವುದೇ ಲೇಸೆಂದು 1959ರಿಂದ 1964ರ ವರೆಗೆ ಸಾರ್ವಜನಿಕ ಶಾಲೆಗಳೆಲ್ಲವನ್ನೂ ಮುಚ್ಚಿದರು. ಬಿಳಿಯರ ಮಕ್ಕಳಿಗಾಗಿ ಖಾಸಗಿ ಶಾಲೆಯು ತೆರೆಯಲ್ಪಟ್ಟಿತು. ಕರಿಯರ ಮಕ್ಕಳಲ್ಲಿ ಬಹುಮಂದಿ ಐದು ವರ್ಷ ಕ್ರಮವಾದ ಪಾಠವಿಲ್ಲದೆ ಉಳಿದರು. ಬ್ರೌನ್ ತೀರ್ಪಿಗೆ ಹತ್ತು ವರ್ಷ ತುಂಬುತ್ತಿದ್ದ 1963–64ರಲ್ಲಿಯೂ ದಕ್ಷಿಣದ ಹನ್ನೊಂದು ಸಂಸ್ಥಾನಗಳಲ್ಲಿ ಬಿಳಿಯರೊಡನೆ ಕುಳಿತು ಓದುತ್ತಿದ್ದ ಕರಿಯ ಮಕ್ಕಳು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. 1964ರ ಪೌರಹಕ್ಕುಗಳ ಶಾಸನವು ಭೇದವನ್ನು ನಡೆಸುವ ಶಾಲೆಗಳಿಗೆ ಸರಕಾರದ ದ್ರವ್ಯವನ್ನು ತಡೆಯುವ ಅಧಿಕಾರವನ್ನು ಕೊಟ್ಟ ಮೇಲೆ, 1969ರಲ್ಲಿ ನ್ಯಾಯಾಲಯವು ಇನ್ನು ತಡಮಾಡಕೂಡದೆಂದು ಹೇಳಿದ ಮೇಲೆ, ಅದೇ ದಕ್ಷಿಣವು ಬೇಗಬೇಗನೆ ಬದಲಾಯಿತು. ಇದರಿಂದ, ಜನರ ಮನಸ್ಸು ಮಾಗುವವರೆಗೆ ಕಾಯಬೇಕೆಂಬ ವಾದವು ಸೋತಿತು. ಪ್ರಯೋಗವಿಧಿಯು ಬಂದೊಡನೆ ಪ್ರಯೋಗವೂ ನಡೆಯಿತು.

ಆಮೇಲೆ ಅರ್ಥವು ಬೇರೊಂದು ಶಬ್ದದಲ್ಲಿ ಆಶ್ರಯ ಪಡೆಯಿತು. ಡೆಟ್ರಾಯಿಟ್ ನಗರದ ಶಾಲೆಗಳಲ್ಲಿ ಕರಿಯ ಮಕ್ಕಳೂ, ಅದರ ಸುತ್ತಣ ಉಪನಗರಗಳಲ್ಲಿ ಬಿಳಿಯ ಮಕ್ಕಳೂ ತುಂಬಿದ್ದರು. ನಗರವನ್ನೂ 53 ಉಪನಗರಮಂಡಲಗಳನ್ನೂ ಕೂಡಿಸಿ ಪರಿಹಾರ ಮಾಡಬೇಕೆಂಬ ಕೆಳಗಿನ ನ್ಯಾಯಾಲಯದ ಯೋಜನೆಯನ್ನು 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ಮತದಿಂದ ತಳ್ಳಿಹಾಕಿತು. ಉಪನಗರಗಳು ತಾವಾಗಿ ಭೇದವನ್ನು ವಿಧಿಸಿದುದಕ್ಕೆ ಸಾಕ್ಷ್ಯವಿಲ್ಲವೆಂಬುದು ಹೇತು. ಬ್ರೌನ್ ವ್ಯಾಜ್ಯದಲ್ಲಿ ಮಕ್ಕಳ ಪರವಾಗಿ ವಾದಿಸಿ, ಬಳಿಕ ನ್ಯಾಯಾಧಿಪತಿಯಾಗಿದ್ದ ಥರ್ಗುಡ್ ಮಾರ್ಷಲ್ ಇದಕ್ಕೆ ಭಿನ್ನಮತವನ್ನು ಬರೆದನು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಶಬ್ದದಿಂದ ಪ್ರಾಪ್ತವಾದ ಭೇದವು ಮಾತ್ರ ನಿಷೇಧ್ಯ, ಅರ್ಥಾತ್ ಪ್ರಾಪ್ತವಾದುದು ನಿಷೇಧ್ಯವಲ್ಲ ಎಂದಂತಾಯಿತು. ಆದರೆ ಅರ್ಥಾತ್ ಪ್ರಾಪ್ತವೆಂದು ತೋರುವುದರ ಹಿಂದೆ ಮರೆತುಹೋದ ಶಬ್ದಗಳಿರುವುದುಂಟು. ಕರಿಯರಿಗೆ ಮನೆಯನ್ನು ಮಾರಕೂಡದೆಂಬ ಕರಾರುಗಳನ್ನು ಕ್ರಯಪತ್ರಗಳಲ್ಲಿಯೇ ಬರೆಯುತ್ತಿದ್ದರು. 1948ರ ವರೆಗೆ ನ್ಯಾಯಾಲಯಗಳು ಅವುಗಳನ್ನು ಜಾರಿಗೊಳಿಸುತ್ತಲೂ ಇದ್ದುವು. 1934ರಲ್ಲಿ ಸ್ಥಾಪಿತವಾದ ಸರಕಾರದ ಗೃಹಸಾಲವಿಭಾಗವು ಅಂಥ ಕರಾರುಗಳನ್ನು ಪ್ರೋತ್ಸಾಹಿಸಿತು. ಬರೆದ ಕರಾರು ಬೀದಿಯಾಯಿತು, ಬೀದಿಯು ಶಾಲೆಯ ಎಲ್ಲೆಯಾಯಿತು. ಕೊನೆಗೆ ಎಲ್ಲೆಯು ಸ್ವಾಭಾವಿಕವೆನಿಸಿತು.

ಈ ಪರಂಪರೆಯ ಫಲವು ಗಣನೆಗೆ ಸಿಕ್ಕುತ್ತದೆ. ಅಲ್ಲಿಯ ಸರಕಾರದ ಲೆಕ್ಕಪರಿಶೋಧನ ಕಚೇರಿಯು 2022ರಲ್ಲಿ ಪ್ರಕಟಿಸಿದ ವರದಿಯಂತೆ, 2020–21ನೆಯ ಶಾಲಾವರ್ಷದಲ್ಲಿ ವಿದ್ಯಾರ್ಥಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ, ಸುಮಾರು 1 ಕೋಟಿ 85 ಲಕ್ಷ ಮಕ್ಕಳು, ನೂರಕ್ಕೆ 75 ಅಥವಾ ಅದಕ್ಕೂ ಹೆಚ್ಚು ಭಾಗ ಒಂದೇ ಜನಾಂಗದವರಿಂದ ತುಂಬಿದ ಶಾಲೆಗಳಲ್ಲಿದ್ದರು. ಶಬ್ದವೂ ಕೆಲವೆಡೆ ಹಟದಿಂದ ನಿಂತಿದ್ದಿತು. ಬಿಳಿಯರಿಗೂ ಕರಿಯರಿಗೂ ಬೇರೆ ಶಾಲೆಗಳಿರತಕ್ಕದ್ದೆಂಬ ಅಲಬಾಮ ಸಂಸ್ಥಾನದ 1901ರ ಸಂವಿಧಾನದ ವಾಕ್ಯವನ್ನು ತೆಗೆಯಲು 2004ರಲ್ಲಿಯೂ 2012ರಲ್ಲಿಯೂ ಮತದಾರರು ಒಪ್ಪಲಿಲ್ಲ. 2022ರಲ್ಲಿ ಮಾತ್ರ ಅದು ಗ್ರಂಥದಿಂದ ಹೊರಬಿದ್ದಿತು.

ವಾಕ್ಯವೊಂದೇ ಆದರೂ ಪ್ರಕರಣಭೇದದಿಂದ ಅರ್ಥವು ತಿರುಗುವುದಕ್ಕೆ ಹಾರ್ಲನ್ನನ ಭಿನ್ನಮತವೇ ನಿದರ್ಶನ. ಸಂವಿಧಾನವು ವರ್ಣವನ್ನು ನೋಡುವುದಿಲ್ಲವೆಂಬ ಅಭಿಪ್ರಾಯವನ್ನು ಆತನು ಹೊರಗಿಡುವ ಶಾಸನದ ವಿರುದ್ಧವಾಗಿ ಹೇಳಿದ್ದನು. 2007ರಲ್ಲಿ ಸಿಯಾಟಲ್ ಮತ್ತು ಲೂಯಿವಿಲ್ ನಗರಗಳು ಮಕ್ಕಳನ್ನು ಕೂಡಿಸುವುದಕ್ಕಾಗಿ ಜನಾಂಗವನ್ನು ಗಣನೆಗೆ ತಂದುದನ್ನು ನ್ಯಾಯಾಲಯವು ರದ್ದುಗೊಳಿಸಿದಾಗ, ಆ ತೀರ್ಪಿನ ಪರವಾಗಿದ್ದ ನ್ಯಾಯಾಧಿಪತಿಯೊಬ್ಬನು ಅದೇ ಅಭಿಪ್ರಾಯವನ್ನು ಆಧಾರವಾಗಿ ಹಿಡಿದನು. ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಓದಬಾರದೆಂಬ ನಿಯಮಕ್ಕೆ ಇದಕ್ಕಿಂತ ಬೆಲೆಯುಳ್ಳ ಉದಾಹರಣೆಯು ದುರ್ಲಭ.

ಇದು ಪರದೇಶದ ವೃತ್ತಾಂತವೆಂದು ವಾಚಕರು ಬದಿಗಿಡುವಂತಿಲ್ಲ. ಆ ಗ್ರಂಥಗಳಲ್ಲಿಯೇ ಭಾರತದ ಪ್ರಸ್ತಾಪವಿದೆ. 1849ರಲ್ಲಿ ಸಮ್ನರನು ಬಾಸ್ಟನ್ನಿನ ಶಾಲಾಭೇದವನ್ನು ಜಾತಿಯೆಂದು ಕರೆದು, ಭಾರತದ ಜಾತಿಪದ್ಧತಿಯನ್ನು ಸಾದೃಶ್ಯವಾಗಿ ತೋರಿಸಿದನು. ಆ ಸಾದೃಶ್ಯವು ಎಷ್ಟು ಯಥಾರ್ಥವೆಂಬುದಕ್ಕೆ ಕನ್ನಡ ನಾಡೇ ಸಾಕ್ಷಿ ನುಡಿಯಿತು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯು ಮಹಾರ ಜಾತಿಯ ಬಾಲಕನೊಬ್ಬನಿಗೆ ಪ್ರವೇಶವನ್ನು ನಿರಾಕರಿಸಿತು. ಒಬ್ಬನನ್ನು ಸೇರಿಸಿದರೆ ಉಳಿದವರಿಗೆ ಶಾಲೆಯು ನಿರುಪಯೋಗವಾದೀತೆಂಬ ಆಶಯದಿಂದ ಮುಂಬಯಿ ಸರಕಾರವು ಅದನ್ನೇ ಒಪ್ಪಿತು. ಬಾಸ್ಟನ್ನಿನ ಬಾಲಿಕೆಗೆ ಬೇರೆ ಶಾಲೆಯಾದರೂ ಇದ್ದಿತು. ಈ ಬಾಲಕನಿಗೆ ‘ಸಮಾನ’ವೆಂಬ ಅರ್ಥವಾದದ ಉಪಚಾರವೂ ದೊರೆಯಲಿಲ್ಲ.

ಇಷ್ಟೇ ಅಲ್ಲ. ಈ ವಿಮರ್ಶೆಗೆ ಸಾಧನವಾದ ಮೀಮಾಂಸಾಶಾಸ್ತ್ರವೂ ಇದೇ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಅಪಶೂದ್ರಾಧಿಕರಣದಲ್ಲಿ ಬಾದರಿಯು ಕರ್ಮದಲ್ಲಿ ಸರ್ವರಿಗೂ ಅಧಿಕಾರವುಂಟೆಂದನು. ಸಿದ್ಧಾಂತವು ಅದನ್ನು ಒಪ್ಪಲಿಲ್ಲ. ಉಪನಯನವಿಲ್ಲದುದರಿಂದ ಅಧ್ಯಯನವಿಲ್ಲ, ಅಧ್ಯಯನವಿಲ್ಲದುದರಿಂದ ವಿದ್ಯೆಯಿಲ್ಲ, ವಿದ್ಯೆಯಿಲ್ಲದುದರಿಂದ ಅಧಿಕಾರವಿಲ್ಲ ಎಂಬುದು ಅಲ್ಲಿಯ ಯುಕ್ತಿ. ಕಲಿಯಗೊಡದೆ ಇರಿಸಿ, ಕಲಿತಿಲ್ಲವೆಂಬುದನ್ನೇ ಹೇತುವಾಗಿ ಹೇಳುವ ಈ ಯುಕ್ತಿಯನ್ನು ಅಗಸ್ಟದ ಶಾಲಾಮಂಡಲಿಯು ಕೇಳಿದ್ದರೆ ತನ್ನದೇ ಎಂದು ಗುರುತಿಸುತ್ತಿದ್ದಿತು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನವು, ಸರಕಾರದ ಶಾಲೆಗಳಲ್ಲಿ ಜಾತಿಯ ಕಾರಣಮಾತ್ರದಿಂದ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿ ಬಾದರಿಯ ಪಕ್ಷವನ್ನೇ ಸಿದ್ಧಾಂತವಾಗಿ ಮಾಡಿದೆಯೆನ್ನಬಹುದು. ಆದರೆ ನಿಷೇಧವಾಕ್ಯವು ಗ್ರಂಥದಲ್ಲಿ ಸೇರಿದಮಾತ್ರಕ್ಕೆ ನಿಷಿದ್ಧವಾದ ಅರ್ಥವು ಬೀದಿಯಿಂದ ಹೋಗುವುದಿಲ್ಲವೆಂಬುದನ್ನು ಡೆಟ್ರಾಯಿಟ್ ತೋರಿಸಿದೆ. ಪಾಠ ಹೇಳುವವರು ಹಾಜರಿಪುಸ್ತಕದ ಹೆಸರುಗಳನ್ನು ಒಮ್ಮೆ ಓದಿ, ಊರಿನ ಯಾವ ಬೀದಿಯ ಹೆಸರುಗಳು ಅದರಲ್ಲಿಲ್ಲವೆಂಬುದನ್ನು ನೋಡಿದರೆ, ಈ ವಾಕ್ಯದ ತಾತ್ಪರ್ಯವು ಎಲ್ಲಿಯವರೆಗೆ ಉಳಿದಿದೆಯೆಂಬುದು ತಾನಾಗಿ ತಿಳಿದುಬರುವುದು.